ಕರೆಗಂಟೆಯ ದೀಪ

"ಗುರುಗಳೇ, ಬೋಧಿಸುವವನು ಬೇಗ ಗ್ರಹಿಸುವವರಿಗಾಗಿ ಮಾತನಾಡಬೇಕೋ, ಎಲ್ಲರಿಗಾಗಿ ಮಾತನಾಡಬೇಕೋ?" ಎಂದು ನಿರಂಜನ ಕೇಳಿದ.

ನಿರಂಜನ ಮಠದ ಶಿಷ್ಯ. ಪ್ರತಿ ಸೋಮವಾರ ಸಂಜೆ ಪಟ್ಟಣದ ಸಭಾಭವನದಲ್ಲಿ ಪ್ರವಚನ ಮಾಡುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಮೊದಮೊದಲು ಭವನ ತುಂಬುತ್ತಿತ್ತು. ಆಮೇಲೆ ಅವನು ಮಾತಿನ ಮಟ್ಟವನ್ನು ಏರಿಸಿದ. ಮುಂದಿನ ಸಾಲಿನ ಅಧ್ಯಾಪಕರು, ವಕೀಲರು ತಲೆದೂಗಿದರು. ಹಿಂದಿನ ಸಾಲುಗಳು ಬರಬರುತ್ತ ಖಾಲಿಯಾದವು.

"ಈಗ ಬರುವವರು ಅರ್ಧ ಮಾತಿನಲ್ಲೇ ಪೂರ್ತಿ ಹಿಡಿಯುತ್ತಾರೆ," ಎಂದ ನಿರಂಜನ. "ಬಾರದವರಿಗೆ ಆಸಕ್ತಿ ಇಲ್ಲ. ಇದ್ದಿದ್ದರೆ ಬಂದು ಕೂರುತ್ತಿದ್ದರು, ತಿಳಿಯದಿದ್ದರೆ ಕೇಳುತ್ತಿದ್ದರು. ತಿಳಿಯಲಿಲ್ಲ ಎಂದು ಇದುವರೆಗೆ ಒಬ್ಬರೂ ನನಗೆ ಹೇಳಿಲ್ಲ."

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆಯನ್ನು ಹೇಳಿದರು.

ಅರಸೀಕೆರೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹೆಸರು ಮೃತ್ಯುಂಜಯ. ಬೈಕು, ಸ್ಕೂಟರು ರಿಪೇರಿ ಮಾಡುವ ಸ್ವಂತ ಅಂಗಡಿ ಇಟ್ಟಿದ್ದ. ಅವನ ಹೆಂಡತಿ ವಿಮಲಾಕ್ಷಿ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವಳಿಗೆ ಕಿವಿ ಕೇಳಿಸದಂತಾಗಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು, ಕೈಸನ್ನೆಯಲ್ಲಿ ಉತ್ತರ ಕೊಡುತ್ತಿದ್ದಳು. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅವಳ ಹೊಲಿಗೆಗೆ ಊರಿನಲ್ಲಿ ಒಳ್ಳೆಯ ಹೆಸರಿತ್ತು.

ಮೃತ್ಯುಂಜಯ ಬೆಳಿಗ್ಗೆ ಅಂಗಡಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಹಗಲಿಡೀ ವಿಮಲಾಕ್ಷಿ ಒಬ್ಬಳೇ. ಗಿರಾಕಿಗಳು ಬರುವ ಮೊದಲು ಮೊಬೈಲಿಗೆ ಮೆಸೇಜ್ ಹಾಕುತ್ತಿದ್ದರು, ಅವಳು ಕದ ತೆಗೆದಿಟ್ಟು ಕಾಯುತ್ತಿದ್ದಳು. ಹೇಳದೆ ಬರುವವರದ್ದೇ ಕಷ್ಟ. ಎಷ್ಟು ಕದ ಬಡಿದರೂ ಅವಳಿಗೆ ಕೇಳಿಸುವಂತಿರಲಿಲ್ಲ. ಅದಕ್ಕಾಗಿ ಮೃತ್ಯುಂಜಯ ಒಂದು ಕರೆಗಂಟೆ ತಂದು ಹಾಕಿದ್ದ. ಹೊರಗೆ ಬಾಗಿಲ ಪಕ್ಕದಲ್ಲಿ ಗುಂಡಿ, ಒಳಗೆ ಹೊಲಿಗೆ ಯಂತ್ರದ ಮುಂದಿನ ಗೋಡೆಯಲ್ಲಿ ಒಂದು ಬಲ್ಬು. ಗುಂಡಿ ಒತ್ತಿದರೆ ಬಲ್ಬು ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿತ್ತು. ಎರಡರ ನಡುವೆ ತಂತಿ ಇರಲಿಲ್ಲ. ಮನೆಯ ವೈಫೈ ಮೂಲಕವೇ ಒಂದು ಇನ್ನೊಂದನ್ನು ಕರೆಯುತ್ತಿತ್ತು. ಯಾರೇ ಬರಲಿ, ವಿಮಲಾಕ್ಷಿ ಕಾಲನ್ನು ಪೆಡಲಿನಿಂದ ತೆಗೆದು, ಬಂದು ಕದ ತೆಗೆಯುತ್ತಿದ್ದಳು.

ಅವಳಿಗೆ ತುಮಕೂರಿನಲ್ಲಿ ಒಬ್ಬ ಗೆಳತಿ ಇದ್ದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಆ ಗೆಳತಿಗೂ ಕಿವಿ ಕೇಳಿಸದು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ವಿಡಿಯೊ ಕರೆಯಲ್ಲಿ ಕೈಸನ್ನೆಯಿಂದ ಮಾತನಾಡುತ್ತಿದ್ದರು. ವಿಮಲಾಕ್ಷಿಗೆ ದಿನದಲ್ಲಿ ಮನಸ್ಸು ಬಿಚ್ಚಿ ಆಡುವ ಮಾತು ಅದೊಂದೇ. ಆದರೆ ಚಿತ್ರ ಪದೇಪದೇ ನಿಂತುಬಿಡುತ್ತಿತ್ತು. ಬೆರಳುಗಳು ಮಸುಕಾಗುತ್ತಿದ್ದವು. ಚಿತ್ರ ನಿಂತರೆ ಅವರಿಬ್ಬರ ಮಾತೂ ನಿಂತಂತೆ. ನಾಲ್ಕು ಸಲ ಕೇಳಿದ್ದನ್ನೇ ಕೇಳಿ, ಕೊನೆಗೆ ಬೇಸರಪಟ್ಟು ಕರೆ ಮುಗಿಸುತ್ತಿದ್ದಳು. ಮೃತ್ಯುಂಜಯ ಇದನ್ನು ನೋಡಿದ್ದ. ಅವನಿಗೆ ಸಂಕಟವಾಗುತ್ತಿತ್ತು.

ಅವನು ಮನೆಯ ವೈಫೈಗೆ ಹೊಸ ರೂಟರ್ ತರಿಸಿದ. ಅದನ್ನು ಕೂರಿಸಲು ಬಂದವನು ವಿಷಯ ಬಿಡಿಸಿ ಹೇಳಿದ.

"ಇದ್ರಲ್ಲಿ ಎರಡು ಬ್ಯಾಂಡ್, ಅಂದ್ರೆ ಎರಡು ದಾರಿ ಇದೆ ಸಾರ್. ಎರಡು ಪಾಯಿಂಟ್ ನಾಲ್ಕು ಅಂತ ಒಂದು, ಐದು ಅಂತ ಇನ್ನೊಂದು. ಐದು ತುಂಬ ಫಾಸ್ಟು, ಆದ್ರೆ ಗೋಡೆ ದಾಟಿದ್ರೆ ಸುಸ್ತಾಗುತ್ತೆ. ಎರಡು ಪಾಯಿಂಟ್ ನಾಲ್ಕು ನಿಧಾನ, ಆದ್ರೆ ದೂರ ಹೋಗುತ್ತೆ. ಹಳೇ ಸಾಮಾನು, ಸಣ್ಣಪುಟ್ಟ ಸಾಮಾನಿಗೆಲ್ಲ ಅದೇ ಬೇಕು. ಎರಡೂ ಆನ್ ಇರ್ಲಿ."

ಮೃತ್ಯುಂಜಯ ತಲೆಯಾಡಿಸಿದ. ಎರಡೂ ಇದ್ದವು. ಆದರೆ ವಿಮಲಾಕ್ಷಿ ಮೊಬೈಲ್ ಹಿಡಿದು ಅಡುಗೆಮನೆಗೆ ಹೋಗಿಬಂದರೆ ಅದು ತಾನಾಗಿ ನಿಧಾನದ ಬ್ಯಾಂಡಿಗೆ ಅಂಟಿಕೊಳ್ಳುತ್ತಿತ್ತು. ಅಕ್ಕಪಕ್ಕದ ಮನೆಗಳ ವೈಫೈ ಕೂಡ ಅದೇ ಬ್ಯಾಂಡಿನಲ್ಲಿ ಕಿಕ್ಕಿರಿದಿತ್ತು. ಗೆಳತಿಯ ಬೆರಳುಗಳು ಮತ್ತೆ ಮಸುಕಾದವು. ಎರಡು ಮೂರು ಸಲ ಮೃತ್ಯುಂಜಯ ತಾನೇ ಅದನ್ನು ವೇಗದ ಬ್ಯಾಂಡಿಗೆ ಬದಲಾಯಿಸಿಕೊಟ್ಟ. ಒಂದು ಭಾನುವಾರ ಅವನಿಗೆ ಸಾಕಾಯಿತು. ರೂಟರಿನ ಸೆಟ್ಟಿಂಗಿಗೆ ಹೋಗಿ ನಿಧಾನದ ಬ್ಯಾಂಡನ್ನೇ ಆಫ್ ಮಾಡಿದ.

ಆಮೇಲೆ ಮನೆಯಲ್ಲಿ ಓಡಾಡಿ ಪರೀಕ್ಷಿಸಿದ. ಅವಳ ಮೊಬೈಲ್ ಸರಿಯಾಗಿತ್ತು. ತನ್ನ ಮೊಬೈಲ್ ಸರಿಯಾಗಿತ್ತು. ಟಿ.ವಿ. ಸರಿಯಾಗಿತ್ತು. ವಿಮಲಾಕ್ಷಿ ತುಮಕೂರಿಗೆ ವಿಡಿಯೊ ಕರೆ ಮಾಡಿದಳು. ಗೆಳತಿಯ ಉಂಗುರದ ಕಲ್ಲು ಕೂಡ ಕಾಣುತ್ತಿತ್ತು. ಇಬ್ಬರೂ ಬಹಳ ಹೊತ್ತು ಮಾತನಾಡಿದರು, ನಕ್ಕರು. ಮೃತ್ಯುಂಜಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಮದುವೆಯಾದ ಹೊಸತರಲ್ಲಿ ಅವಳು ಹಾಗೆ ನಗುತ್ತಿದ್ದಳು.

ಗೋಡೆಯ ಮೇಲಿನ ಬಲ್ಬು ಅವನ ಗಮನಕ್ಕೆ ಬರಲಿಲ್ಲ. ಅದಕ್ಕೂ ಕರೆಗಂಟೆಯ ಗುಂಡಿಗೂ ಗೊತ್ತಿದ್ದದ್ದು ನಿಧಾನದ ಬ್ಯಾಂಡ್ ಒಂದೇ. ಯಾರೂ ಕರೆಯದಿದ್ದಾಗ ಆ ಬಲ್ಬು ಆರಿಯೇ ಇರುತ್ತಿತ್ತು. ಈಗಲೂ ಆರಿಯೇ ಇತ್ತು. ನೋಡಿದರೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅದು ಆಷಾಢ ಮಾಸ. ಆಷಾಢದಲ್ಲಿ ಮದುವೆಗಳಿಲ್ಲ, ರವಿಕೆ ಹೊಲಿಸುವವರೂ ಕಡಿಮೆ. ಮನೆಗೆ ಬರುವವರು ಕಡಿಮೆಯಾದುದನ್ನು ವಿಮಲಾಕ್ಷಿ ಗಮನಿಸಿದಳು. ಗಂಡನಿಗೆ ಹೇಳಿದಳು. "ಆಷಾಢ ಅಲ್ವಾ," ಎಂದ ಅವನು. ಗ್ಯಾಸ್ ಸಿಲಿಂಡರ್ ತಂದವನು ಮನೆಯಲ್ಲಿ ಯಾರೂ ಇಲ್ಲವೆಂದು ವಾಪಸು ಹೋದ. ತಾನು ಮನೆಯಲ್ಲೇ ಇದ್ದೆ, ಅವನೇ ಬಾರದೆ ಸುಳ್ಳು ಹೇಳಿದ್ದಾನೆ ಎಂದು ವಿಮಲಾಕ್ಷಿ ಸಿಟ್ಟಾದಳು. ಮೃತ್ಯುಂಜಯ ಫೋನು ಮಾಡಿ ಅವನೊಂದಿಗೆ ಜಗಳವಾಡಿದ.

ವಿಮಲಾಕ್ಷಿಗೆ ಒಬ್ಬ ಅಣ್ಣ ಇದ್ದ. ಹೆಸರು ಓಂಕಾರಪ್ಪ. ಕಡೂರಿನಲ್ಲಿ ಮನೆ. ಅಣ್ಣ ತಂಗಿಯರ ನಡುವೆ ಕೆಲವು ವರ್ಷಗಳಿಂದ ಮಾತಿರಲಿಲ್ಲ. ಅದಕ್ಕೆ ಕಾರಣ ಅವರ ತಾಯಿಯ ಸಾವು. ತಾಯಿ ತೀರಿಕೊಂಡ ದಿನ ಓಂಕಾರಪ್ಪ ಮೃತ್ಯುಂಜಯನಿಗೆ ಒಮ್ಮೆ ಫೋನು ಮಾಡಿದ. ಅವನು ಎತ್ತಲಿಲ್ಲ. ತಂಗಿಗೆ ಸುದ್ದಿ ಮುಟ್ಟಿಸುವಂತೆ ಓಂಕಾರಪ್ಪ ಒಬ್ಬ ನೆಂಟನಿಗೆ ಹೇಳಿದ. ನೆಂಟ ಮರೆತ. ವಿಮಲಾಕ್ಷಿ ಕಡೂರು ತಲುಪುವ ಹೊತ್ತಿಗೆ ತಾಯಿ ಮಣ್ಣಾಗಿದ್ದಳು. ಎಲ್ಲರ ಎದುರಿಗೆ ಅವಳು ಅಣ್ಣನಿಗೆ, ನೀನು ನನ್ನ ಅಣ್ಣನಲ್ಲ ಎಂದು ಸನ್ನೆ ಮಾಡಿದಳು. ಅವನ ನಂಬರನ್ನು ಮೊಬೈಲಿನಲ್ಲಿ ಬ್ಲಾಕ್ ಮಾಡಿದಳು. ಆಮೇಲೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಶ್ರಾವಣ ಬಂತು. ಓಂಕಾರಪ್ಪನ ಮಗಳು ಸಿಂಚನಳ ಮದುವೆ ಆ ತಿಂಗಳಲ್ಲೇ ನಿಶ್ಚಯವಾಗಿತ್ತು. ಸಿಂಚನ ಹುಟ್ಟಿದಾಗ ತೊಟ್ಟಿಲಿಗೆ ಹಾಕಿದವಳು ವಿಮಲಾಕ್ಷಿ. ಮದುವೆಯಲ್ಲಿ ಆರತಿ ಹಿಡಿಯಬೇಕಾದವಳು ಸೋದರತ್ತೆ. ಓಂಕಾರಪ್ಪ ಯೋಚಿಸಿದ. ಮೃತ್ಯುಂಜಯನಿಗೆ ಫೋನು ಮಾಡಿ ಹೇಳಿಬಿಡಬಹುದಿತ್ತು. ಆದರೆ ಅಂದು ಫೋನಿನಲ್ಲಿ ಕೆಟ್ಟದ್ದು ಇಂದು ಫೋನಿನಲ್ಲಿ ಸರಿಯಾಗದು ಎಂದು ಅವನಿಗೆ ಅನ್ನಿಸಿತು. ಲಗ್ನಪತ್ರಿಕೆ, ಅರಿಸಿನ ಕುಂಕುಮ, ಒಂದು ಸೀರೆ ತೆಗೆದುಕೊಂಡು ತಾನೇ ಬಸ್ಸು ಹತ್ತಿದ. ಹೆಂಡತಿ ಗಿರಿಜಮ್ಮನನ್ನು ಕರೆತರಲಿಲ್ಲ. ತಂಗಿ ಮುಖದ ಮೇಲೆ ಕದ ಹಾಕಿದರೆ ಅದನ್ನು ಹೆಂಡತಿ ನೋಡುವುದು ಬೇಡ ಎಂದುಕೊಂಡ.

ಅವನು ಬಂದಾಗ ಕದ ಮುಚ್ಚಿತ್ತು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಪಕ್ಕದ ಮನೆಯ ಶಮೀಮಾ ಬ್ಯಾಗು ಹಿಡಿದು ಆಟೋಗಾಗಿ ಗೇಟಿನಲ್ಲಿ ನಿಂತಿದ್ದಳು. ಮಗಳ ಬಾಣಂತನಕ್ಕೆ ಶಿವಮೊಗ್ಗಕ್ಕೆ ಹೊರಟಿದ್ದಳು.

"ನಾನು ವಿಮಲನ ಅಣ್ಣ," ಎಂದ ಓಂಕಾರಪ್ಪ. "ಕದ ಬಡಿದ್ರೆ ಗೊತ್ತಾಗಲ್ಲ ಅವಳಿಗೆ. ಏನು ಮಾಡೋದು?"

"ಬಡಿಯೋದು ಬೇಡ ಅಣ್ಣಾ. ಬೆಲ್ ಒತ್ತಿ. ಒಳಗೆ ಅವಳ ಕಣ್ಣೆದುರಿಗೇ ಲೈಟು ಹತ್ತುತ್ತೆ. ತಕ್ಷಣ ಬರ್ತಾಳೆ," ಎಂದಳು ಶಮೀಮಾ. ಅಷ್ಟರಲ್ಲಿ ಆಟೋ ಬಂತು. ಅವಳು ಹೊರಟುಹೋದಳು.

ಓಂಕಾರಪ್ಪ ಗುಂಡಿ ಒತ್ತಿದ. 'ಟಿಂಗ್' ಎಂದು ಸದ್ದಾಯಿತು. ಆ ಸದ್ದು ಗುಂಡಿಯದ್ದು, ಅದು ಅಲ್ಲಿಗೇ ಮುಗಿಯಿತು. ಅವನಿಗೆ ಅದು ತಿಳಿಯದು. ಯಂತ್ರ ಓಡುತ್ತಲೇ ಇತ್ತು. ಮತ್ತೆ ಒತ್ತಿದ. ಯಂತ್ರ ನಿಂತಿತು.

ಓಂಕಾರಪ್ಪ ಸೀರೆಯ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಜ್ಜೆಯ ಸದ್ದಿಗಾಗಿ ಕಿವಿಗೊಟ್ಟ. ತಂಗಿ ಎದ್ದಿದ್ದಾಳೆ, ಕಿಟಕಿಯ ಸಂದಿನಿಂದ ತನ್ನನ್ನು ನೋಡುತ್ತಿದ್ದಾಳೆ ಎಂದುಕೊಂಡ. ಹೆಜ್ಜೆಯ ಸದ್ದು ಬರಲಿಲ್ಲ. ಯಂತ್ರ ಮತ್ತೆ ಓಡತೊಡಗಿತು.

ಒಳಗೆ ನಡೆದದ್ದು ಇಷ್ಟೇ. ವಿಮಲಾಕ್ಷಿಯ ದಾರ ಮುಗಿದಿತ್ತು. ಅವಳು ಬೇರೆ ಉಂಡೆ ಹಾಕಿ, ಸೂಜಿಗೆ ದಾರ ಪೋಣಿಸಿ, ಮತ್ತೆ ಹೊಲಿಯಲು ಕೂತಳು.

ಓಂಕಾರಪ್ಪ ಮೂರನೆಯ ಸಲ ಒತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಕಡೂರಿನ ಬಸ್ಸು ನಿಂತಿತ್ತು, ಆದರೂ ಹತ್ತಲಿಲ್ಲ. ಅದು ಹೋದಮೇಲೆ ಇನ್ನೊಂದು ಬಂತು, ಅದನ್ನು ಹತ್ತಿದ. ಮನೆಗೆ ಹೋಗಿ ಹೆಂಡತಿಗೆ, "ಅವಳು ಬರಲ್ಲ," ಎಂದಷ್ಟೇ ಹೇಳಿದ. ಗಿರಿಜಮ್ಮ, "ಏನಂದ್ಲು?" ಎಂದು ಕೇಳಿದಳು. "ಏನೂ ಅನ್ಲಿಲ್ಲ," ಎಂದ. ಅದು ಸುಳ್ಳೂ ಆಗಿರಲಿಲ್ಲ.

ಮದುವೆಯ ಸುದ್ದಿ ವಿಮಲಾಕ್ಷಿಗೆ ತಿಳಿದದ್ದು ಮೊದಲೇ ಮೆಸೇಜ್ ಹಾಕಿ ಬಂದ ಒಬ್ಬ ಗಿರಾಕಿಯಿಂದ. ಅವರು ವರನ ಕಡೆಯ ನೆಂಟರು. ಕಡು ಹಸಿರು ರೇಷ್ಮೆಯ ರವಿಕೆ ಬಟ್ಟೆ ತಂದು, ಕಡೂರಿನ ಓಂಕಾರಪ್ಪನವರ ಮಗಳ ಮದುವೆಗೆ ತೊಡಬೇಕು, ಚೆನ್ನಾಗಿ ಹೊಲಿದು ಕೊಡಿ ಎಂದರು. ವಿಮಲಾಕ್ಷಿ ತುಟಿಗಳನ್ನು ನೋಡಿದಳು. ತಪ್ಪು ಓದಿದೆನೋ ಎಂದು ಮತ್ತೊಮ್ಮೆ ಹೇಳಲು ಸನ್ನೆ ಮಾಡಿದಳು. ಅದೇ ಮಾತು ಬಂತು. ಅವಳು ಅಳತೆ ತೆಗೆದುಕೊಂಡಳು.

ಆ ರವಿಕೆಯನ್ನು ಅವಳು ಬಹಳ ಅಂದವಾಗಿ ಹೊಲಿದಳು. ತೋಳಿನ ಅಂಚನ್ನು ಒಮ್ಮೆ ಬಿಚ್ಚಿ ಮತ್ತೆ ಹೊಲಿದಳು. ಗಂಡನಿಗೆ ವಿಷಯ ತಿಳಿಸಿದಳು. ನಾವೇ ಹೋಗೋಣವೇ ಎಂದು ಮೃತ್ಯುಂಜಯ ಕೇಳಿದ. ಅವಳು ಬೇಡ ಎಂದಳು. ಊರಿಗೆಲ್ಲ ಪತ್ರಿಕೆ ಕೊಟ್ಟ ಅಣ್ಣ ತನಗೆ ಕೊಟ್ಟಿಲ್ಲ. ಅಮ್ಮ ಸತ್ತಾಗ ಹೇಳದವನು ಮಗಳ ಮದುವೆಗೆ ಏಕೆ ಹೇಳುತ್ತಾನೆ ಎಂದಳು.

ಮದುವೆಯ ದಿನ ಅವಳು ಯಂತ್ರದ ಮುಂದೆ ಕೂರಲಿಲ್ಲ. ಮನೆಯನ್ನೆಲ್ಲ ಗುಡಿಸಿ ಒರೆಸಿದಳು. ಕಡೂರಿನಲ್ಲಿ ಓಂಕಾರಪ್ಪನ ದೂರದ ಸಂಬಂಧದ ಒಬ್ಬ ಹೆಂಗಸು ಸೋದರತ್ತೆಯ ಜಾಗದಲ್ಲಿ ನಿಂತು ಆರತಿ ಹಿಡಿದಳು. ಅತ್ತೆ ಎಲ್ಲಿ ಎಂದು ಸಿಂಚನ ಅಪ್ಪನನ್ನು ಕೇಳಿದಳು. ಓಂಕಾರಪ್ಪ ಛತ್ರದ ಅಡುಗೆಯವನನ್ನು ಕೂಗುತ್ತ ಆಚೆ ಹೋದ.

ಶ್ರಾವಣ ಮುಗಿಯುತ್ತ ಬಂದಾಗ ಶಮೀಮಾ ಶಿವಮೊಗ್ಗದಿಂದ ಹಿಂತಿರುಗಿದಳು. ಮೊಮ್ಮಗ ಹುಟ್ಟಿದ ಸಂತೋಷಕ್ಕೆ ಸಿಹಿ ಹಂಚಲು ಹಿಂಬಾಗಿಲಿನಿಂದ ಬಂದಳು. ಅವಳು ಯಾವಾಗಲೂ ಹಿಂಬಾಗಿಲಿನಿಂದಲೇ ಬರುವವಳು.

"ಅಣ್ಣನ ಮಗಳ ಮದುವೆ ಹೇಗಾಯ್ತು?" ಎಂದು ಕೇಳಿದಳು.

ವಿಮಲಾಕ್ಷಿ ಅವಳ ಮುಖ ನೋಡಿದಳು. ನಿನಗೆ ಹೇಗೆ ಗೊತ್ತು ಎಂದು ಸನ್ನೆಯಲ್ಲಿ ಕೇಳಿದಳು.

"ನಾನು ಊರಿಗೆ ಹೊರಟ ದಿನ ಬಂದಿದ್ರಲ್ಲ. ಕೈಯಲ್ಲಿ ಸೀರೆ, ಪತ್ರಿಕೆ ಎಲ್ಲ ಇತ್ತು. ನಾನೇ ಬೆಲ್ ಒತ್ತಿ ಅಂತ ಹೇಳಿದ್ದು. ನೀನು ಒಳಗೆ ಹೊಲೀತಾ ಇದ್ದೆ."

ವಿಮಲಾಕ್ಷಿ ಎದ್ದಳು. ಕದ ತೆಗೆದು ಹೊರಗೆ ಹೋಗಿ ಗುಂಡಿಯನ್ನು ಒತ್ತಿ ಹಿಡಿದಳು. ತಿರುಗಿ ಒಳಗಿನ ಗೋಡೆಯನ್ನು ನೋಡಿದಳು. ಬಲ್ಬು ಹತ್ತಲಿಲ್ಲ. ಶಮೀಮಾಳಿಗೆ ಒತ್ತಲು ಹೇಳಿ, ತಾನು ಒಳಗೆ ಬಂದು ಬಲ್ಬಿನ ಕೆಳಗೆ ನಿಂತಳು. ಶಮೀಮಾ ಒತ್ತುತ್ತಲೇ ಇದ್ದಳು. ವಿಮಲಾಕ್ಷಿ ನಿಂತೇ ಇದ್ದಳು. ಆಮೇಲೆ ಗಂಡನಿಗೆ ಮೆಸೇಜ್ ಹಾಕಿದಳು: ಈಗಲೇ ಬಾ.

ಮೃತ್ಯುಂಜಯ ಅಂಗಡಿ ಮುಚ್ಚಿ ಬಂದ. ಬಲ್ಬು ಕೆಟ್ಟಿದೆ ಎಂದುಕೊಂಡು ಬಿಚ್ಚಿ ನೋಡಿದ. ಬಲ್ಬು ಸರಿಯಾಗಿತ್ತು. ಗುಂಡಿಯ ಸೆಲ್ ಬದಲಾಯಿಸಿದ. ಅದೂ ಸರಿಯಾಗಿತ್ತು. ಆಗ ಅವನಿಗೆ ಆ ಭಾನುವಾರ ನೆನಪಾಯಿತು. ಮಂಚದ ತುದಿಯಲ್ಲಿ ಕೂತುಬಿಟ್ಟ. ಮೊಬೈಲ್ ತೆಗೆದು, ಆಫ್ ಮಾಡಿದ್ದ ಬ್ಯಾಂಡನ್ನು ಆನ್ ಮಾಡಿದ. ಶಮೀಮಾ ಹೊರಗಿನಿಂದ ಗುಂಡಿ ಒತ್ತಿದಳು. ಬಲ್ಬು ಹತ್ತಿ ಆರಿ, ಹತ್ತಿ ಆರಿ ಮಾಡಿತು.

ನಿನ್ನ ಮಾತು ಚೆನ್ನಾಗಿ ನಡೆಯಲಿ ಎಂದು ಮಾಡಿದೆ ಎಂದು ಮೃತ್ಯುಂಜಯ ಹೆಂಡತಿಗೆ ಸನ್ನೆ ಮಾಡಿದ. ಗೊತ್ತು ಎಂದು ಅವಳು ತಲೆಯಾಡಿಸಿದಳು. ಗಂಡನ ಮೇಲೆ ಅವಳಿಗೆ ಕೋಪ ಬರಲಿಲ್ಲ. ಆದರೆ ಆ ದಿನ ಮಧ್ಯಾಹ್ನ ತುಮಕೂರಿನಿಂದ ಬಂದ ಕರೆಯನ್ನು ಅವಳು ಎತ್ತಲಿಲ್ಲ.

ಮರುದಿನ ಗಂಡ ಹೆಂಡಿರು ಕಡೂರಿಗೆ ಹೋದರು. ಕದ ತೆಗೆದವಳು ಗಿರಿಜಮ್ಮ. ನೀರು ಕೊಟ್ಟು ಒಳಗೆ ಹೋದಳು. ಓಂಕಾರಪ್ಪ ಒಳಗಿನಿಂದ ಬಂದು ಎದುರಿಗೆ ಕೂತ. ಮೃತ್ಯುಂಜಯ ನಡೆದದ್ದನ್ನು ಹೇಳಿದ. ಎರಡು ಬ್ಯಾಂಡಿನ ಕತೆ, ತಾನು ಒಂದನ್ನು ಆಫ್ ಮಾಡಿದ್ದು, ಬಲ್ಬು ಸತ್ತಂತೆ ಇದ್ದದ್ದು, ಎಲ್ಲವನ್ನೂ ಹೇಳಿದ. ಹೇಳುತ್ತಿದ್ದಂತೆ ಅವನಿಗೇ ಅದು ಕಟ್ಟಿದ ಕತೆಯಂತೆ ಕೇಳಿಸತೊಡಗಿತು.

"ಮನೆ ಬೆಲ್ಲಿಗೆ ವೈಫೈ ಅಂತೆ," ಎಂದ ಓಂಕಾರಪ್ಪ. "ನಾನು ಹಳೇ ಕಾಲದವನು, ನನಗೆ ಅದೆಲ್ಲ ಗೊತ್ತಾಗಲ್ಲ. ಆದ್ರೆ ಕಿವಿ ಕೇಳಿಸುತ್ತೆ ನನಗೆ. ನಾನು ಬೆಲ್ ಒತ್ತಿದೆ. ಮಿಷನ್ನು ನಿಂತ್ಕೊಳ್ತು. ಆಮೇಲೆ ಮತ್ತೆ ಶುರುವಾಯ್ತು."

ವಿಮಲಾಕ್ಷಿ ಅವನ ತುಟಿಗಳನ್ನೇ ನೋಡುತ್ತಿದ್ದಳು. ದಾರ ಮುಗಿದಿತ್ತು ಎಂದು ಸನ್ನೆ ಮಾಡಿದಳು. ಸೂಜಿಗೆ ದಾರ ಪೋಣಿಸುವುದನ್ನು ಬೆರಳಲ್ಲಿ ತೋರಿಸಿದಳು.

ಓಂಕಾರಪ್ಪ ಮುಖ ತಿರುಗಿಸಿದ. ಅವಳು ಎದ್ದು ಅವನು ತಿರುಗಿದ ಕಡೆಗೆ ಹೋಗಿ ನಿಂತಳು. ಚಿಕ್ಕಂದಿನಲ್ಲಿ ಅವನು ಅವಳನ್ನು ಕರೆಯುತ್ತಿದ್ದ ರೀತಿ ಒಂದಿತ್ತು. ಹಿಂದಿನಿಂದ ಬಂದು ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದ. ನೆಲದ ಅದುರು ಅವಳ ಪಾದಕ್ಕೆ ತಿಳಿಯುತ್ತಿತ್ತು. ವಿಮಲಾಕ್ಷಿ ಈಗ ನೆಲಕ್ಕೆ ಕಾಲು ಅಪ್ಪಳಿಸಿದಳು. ಒಳಗಿದ್ದ ಗಿರಿಜಮ್ಮ ಬೆಚ್ಚಿ ಹೊರಗೆ ಬಂದಳು. ವಿಮಲಾಕ್ಷಿ ಕೈಯಲ್ಲಿ ಕೇಳಿದಳು: ಹೀಗೆ ಏಕೆ ಕರೆಯಲಿಲ್ಲ? ಕಿಟಕಿ ಇತ್ತು. ಹಿಂಬಾಗಿಲು ತೆರೆದಿತ್ತು. ನಾನು ಕಿವುಡಿ ಎಂದು ಎಲ್ಲರಿಗಿಂತ ಮೊದಲು ತಿಳಿದವನು ನೀನು. ಒಂದು ಗುಂಡಿ ಒತ್ತಿ ಹೊರಟುಹೋದೆಯಾ?

ಓಂಕಾರಪ್ಪನಿಗೆ ಆ ಸನ್ನೆಗಳೆಲ್ಲ ತಿಳಿಯುತ್ತಿದ್ದವು. ಅವುಗಳಲ್ಲಿ ಅರ್ಧವನ್ನು ಚಿಕ್ಕಂದಿನಲ್ಲಿ ಅವರಿಬ್ಬರೇ ಸೇರಿ ಮಾಡಿಕೊಂಡಿದ್ದರು.

"ಹೆದರಿದ್ದೆ ಕಣಮ್ಮ," ಎಂದ ಅವನು. "ನೀನು ತೆಗೆಯಲ್ಲ ಅಂತ ಅಂದ್ಕೊಂಡೇ ಬಂದಿದ್ದೆ. ಮಿಷನ್ನು ಮತ್ತೆ ಶುರುವಾದ ತಕ್ಷಣ, ಅದೇ ನಿಜ ಅನ್ನಿಸ್ತು. ಅಮ್ಮ ಹೋದಾಗಲೂ ಹಾಗೇ ಮಾಡಿದೆ. ಒಂದು ಸಲ ಫೋನ್ ಮಾಡಿದೆ. ಮಾಡಿದ್ದೀನಲ್ಲ ಅಂದ್ಕೊಂಡೆ."

ವಿಮಲಾಕ್ಷಿ ತನ್ನ ಮೊಬೈಲ್ ತೆಗೆದಳು. ಬ್ಲಾಕ್ ಮಾಡಿದ್ದ ಅವನ ನಂಬರನ್ನು ಅವನಿಗೆ ತೋರಿಸಿದಳು. ಅವನ ಕಣ್ಣೆದುರಿಗೇ ಅದನ್ನು ಬಿಡಿಸಿದಳು. ನಾನು ಕೂಡ ಕದ ಮುಚ್ಚಿದ್ದೆ ಎಂದು ಸನ್ನೆ ಮಾಡಿದಳು.

ಗಿರಿಜಮ್ಮ ಒಳಗೆ ಹೋಗಿ ಎಲೆ ಹಾಕಿದಳು. ಎಲ್ಲರೂ ಊಟ ಮಾಡಿದರು. ಊಟದ ಮೇಲೆ ಮದುವೆಯ ಫೋಟೊಗಳನ್ನು ತಂದಿಟ್ಟರು. ವಿಮಲಾಕ್ಷಿ ಒಂದೊಂದನ್ನೂ ನೋಡಿದಳು. ಆರತಿಯ ಫೋಟೊದಲ್ಲಿ ಬೇರೊಬ್ಬ ಹೆಂಗಸು ನಿಂತಿದ್ದಳು. ಅದರ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ಓಂಕಾರಪ್ಪ ಆ ಫೋಟೊವನ್ನು ತೆಗೆಯಲು ಕೈ ಚಾಚಿದ. ಅವಳು ಬೇಡವೆಂದು ತಡೆದಳು. ಆಗಿಹೋದ ಮದುವೆಯನ್ನು ಯಾರೂ ಮತ್ತೆ ಮಾಡುವಂತಿರಲಿಲ್ಲ.

ಗೌರಿ ಹಬ್ಬಕ್ಕೆ ಓಂಕಾರಪ್ಪ ತಂಗಿಗೆ ಬಾಗಿನ ತಂದ. ಸಿಂಚನಳೂ ಗಂಡನೊಂದಿಗೆ ಬಂದಳು. ಅತ್ತೆ ಅವಳಿಗೆ ರವಿಕೆ ಹೊಲಿದು ಇಟ್ಟಿದ್ದಳು. ಅಳತೆ ತೆಗೆಯದೆ, ಅಂದಾಜಿನಲ್ಲಿ ಹೊಲಿದದ್ದು. ತೋಳು ಸ್ವಲ್ಪ ಬಿಗಿಯಾಯಿತು. ಬಿಚ್ಚಿ ಸರಿಮಾಡಿ ಕೊಟ್ಟಳು.

ಮೃತ್ಯುಂಜಯ ಈಗ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಟ್ಟಿದ್ದಾನೆ. ಹೆಂಡತಿಯ ಮೊಬೈಲಿಗೆ ವೇಗದ ಹೆಸರು ಮಾತ್ರ ಗೊತ್ತು. ಬಲ್ಬಿಗೆ, ಗುಂಡಿಗೆ ನಿಧಾನದ್ದು ಮಾತ್ರ ಗೊತ್ತು. ತುಮಕೂರಿನ ಗೆಳತಿಯ ಬೆರಳುಗಳು ಈಗಲೂ ಸ್ಪಷ್ಟವಾಗಿ ಕಾಣುತ್ತವೆ. ಎರಡು ಹೆಸರು ಕೊಡುವುದು ಸಣ್ಣ ಕೆಲಸ. ಅದನ್ನು ಅವನು ಆ ಭಾನುವಾರವೇ ಮಾಡಬಹುದಿತ್ತು. ಬೇಕೆಂದು ಯಾರೂ ಕೇಳಿರಲಿಲ್ಲ, ಅಷ್ಟೇ.

ಗುರುಗಳು ಕತೆ ನಿಲ್ಲಿಸಿದರು.

ನಿರಂಜನ ತಲೆ ತಗ್ಗಿಸಿ ಯೋಚಿಸಿದ. ಆಮೇಲೆ ಹೇಳಿದ: "ಅರ್ಥವಾಯಿತು ಗುರುಗಳೇ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬಾರದು. ಸೋಮವಾರ ಬೇಗ ಗ್ರಹಿಸುವವರಿಗೆ ಮಾತನಾಡುತ್ತೇನೆ. ಗುರುವಾರ ಉಳಿದವರಿಗಾಗಿ ಸರಳವಾಗಿ ಮಾತನಾಡುತ್ತೇನೆ. ಸರಿ ತಾನೆ?"

"ದಿನ ಗೊತ್ತುಮಾಡುವುದು ಆಮೇಲೆ ಆಗಲಿ," ಎಂದರು ಗುರುಗಳು. "ಬರುವುದನ್ನು ಬಿಟ್ಟವರಲ್ಲಿ ಒಬ್ಬರ ಹೆಸರು ಹೇಳು."

ನಿರಂಜನ ಬಾಯಿ ತೆರೆದ. ಹೇಳಲು ಒಂದು ಹೆಸರೂ ಇರಲಿಲ್ಲ.